ಟೈಪ್ 1 ಮಧುಮೇಹದಲ್ಲಿ ರೋಗನಿರೋಧಕ ಜೀವಕೋಶಗಳ ಪಾತ್ರ

ಟೈಪ್ 1 ಮಧುಮೇಹವು ದೇಹದ ರೋಗನಿರೋಧಕ ಜೀವಕೋಶಗಳು ಮೇದೋಜೀರಕ ಗ್ರಂಥಿಯಲ್ಲಿನ ಇನ್ಸುಲಿನ್ ಉತ್ಪಾದಕ ಜೀವಕೋಶಗಳನ್ನು ನಾಶಪಡಿಸುವುದರಿಂದ ಉಂಟಾಗುವ ದೀರ್ಘಕಾಲಿಕ ಕಾಯಿಲೆಯಾಗಿದೆ. ಸೋಂಕುಗಳಿಂದ ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೇಹದ ಸ್ವಂತ ಅಂಗಾಂಶವನ್ನು ಪರಕೀಯವೆಂದು ಭಾವಿಸಿ ಆಕ್ರಮಿಸುವ ಕಾರಣ ಇದನ್ನು ಸ್ವಯಂ ನಿರೋಧಕ ರೋಗಗಳ ಗುಂಪಿಗೆ ಸೇರಿಸಲಾಗಿದೆ. ಈ ಪ್ರಕ್ರಿಯೆಯಲ್ಲಿ ಟಿ ಜೀವಕೋಶಗಳು, ಬಿ ಜೀವಕೋಶಗಳು, ಮ್ಯಾಕ್ರೋಫೇಜ್‌ಗಳು ಮತ್ತು ಡೆಂಡ್ರೈಟಿಕ್ ಕೋಶಗಳು ಭಾಗವಹಿಸುತ್ತವೆ. ಆಕ್ರಮಣವು ರೋಗಲಕ್ಷಣಗಳು ಕಾಣಿಸಿಕೊಳ್ಳುವುದಕ್ಕೆ ತಿಂಗಳುಗಳು ಅಥವಾ ವರ್ಷಗಳ ಮೊದಲೇ ಆರಂಭವಾಗಿರುತ್ತದೆ. ಕಾಯಿಲೆಯು ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಪತ್ತೆಯಾಗುತ್ತದೆಯಾದರೂ ಯಾವ ವಯಸ್ಸಿನಲ್ಲಾದರೂ ಬರಬಹುದು. ರೋಗ ಪ್ರಕಟವಾದ ಬಳಿಕ ಜೀವನಪರ್ಯಂತ ಇನ್ಸುಲಿನ್ ಅಗತ್ಯವಾಗುತ್ತದೆ.

ಹೆಚ್ಚು ಸಿಹಿ ತಿನ್ನುವುದಾಗಲಿ, ಪೋಷಕರ ಆರೈಕೆಯಲ್ಲಿನ ಲೋಪವಾಗಲಿ ಟೈಪ್ 1 ಮಧುಮೇಹಕ್ಕೆ ಕಾರಣವಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ಹಿನ್ನೆಲೆ

ಮೇದೋಜೀರಕ ಗ್ರಂಥಿಯು ಹೊಟ್ಟೆಯ ಹಿಂಭಾಗದಲ್ಲಿದ್ದು, ಅದರ ಹೆಚ್ಚಿನ ಭಾಗ ಜೀರ್ಣರಸಗಳನ್ನು ಸ್ರವಿಸುತ್ತದೆ. ಈ ಅಂಗಾಂಶದ ನಡುವೆ ಸಣ್ಣ ಗುಂಪುಗಳಾಗಿ ಹರಡಿಕೊಂಡಿರುವ ಜೀವಕೋಶಗಳನ್ನು ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ 1869ರಲ್ಲಿ ಮೊದಲು ವಿವರಿಸಿದನು. ಇವುಗಳಿಗೆ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು ಎಂಬ ಹೆಸರಿದೆ. ವಯಸ್ಕರ ಮೇದೋಜೀರಕ ಗ್ರಂಥಿಯಲ್ಲಿ ಸುಮಾರು 10 ಲಕ್ಷ ಕಿರುದ್ವೀಪಗಳಿರುತ್ತವೆ. ಪ್ರತಿ ಕಿರುದ್ವೀಪದಲ್ಲಿ ಗ್ಲುಕಗಾನ್ ಸ್ರವಿಸುವ ಆಲ್ಫಾ ಕೋಶಗಳು, ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳು ಮತ್ತು ಸೊಮಾಟೊಸ್ಟಾಟಿನ್ ಸ್ರವಿಸುವ ಡೆಲ್ಟಾ ಕೋಶಗಳು ಅಕ್ಕಪಕ್ಕದಲ್ಲಿರುತ್ತವೆ. ಟೈಪ್ 1 ಮಧುಮೇಹದಲ್ಲಿ ನಾಶವಾಗುವುದು ಮುಖ್ಯವಾಗಿ ಬೀಟಾ ಕೋಶಗಳು ಮಾತ್ರ. ಪಕ್ಕದಲ್ಲೇ ಇರುವ ಆಲ್ಫಾ ಕೋಶಗಳು ಉಳಿದುಕೊಳ್ಳುತ್ತವೆ.

ಆಹಾರದಿಂದ ರಕ್ತಕ್ಕೆ ಸೇರಿದ ಗ್ಲುಕೋಸ್ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಇಲ್ಲದಿದ್ದಾಗ ರಕ್ತದಲ್ಲಿ ಗ್ಲುಕೋಸ್ ಏರುತ್ತದೆ, ಹೆಚ್ಚಾದ ಗ್ಲುಕೋಸ್ ಮೂತ್ರದ ಮೂಲಕ ಹೊರಹೋಗುತ್ತದೆ. ರಕ್ತದಲ್ಲಿ ಗ್ಲುಕೋಸ್ ಹೇರಳವಾಗಿದ್ದರೂ ಅದನ್ನು ಬಳಸಲಾರದ ದೇಹವು ಶಕ್ತಿಗಾಗಿ ಕೊಬ್ಬನ್ನು ಕರಗಿಸುತ್ತದೆ. ಆಗ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ಸಂಗ್ರಹವಾಗಿ ಕೀಟೋಆಮ್ಲತೆ ಎಂಬ ಪ್ರಾಣಾಪಾಯದ ಸ್ಥಿತಿ ಉಂಟಾಗುತ್ತದೆ.

ವಯಸ್ಕರಲ್ಲಿ ಸಾಮಾನ್ಯವಾಗಿ ಕಂಡುಬರುವ ಟೈಪ್ 2 ಮಧುಮೇಹದ ಸ್ವರೂಪ ಬೇರೆ. ಅದರಲ್ಲಿ ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ ಮತ್ತು ಇನ್ಸುಲಿನ್ ಉತ್ಪಾದನೆ ಕ್ರಮೇಣ ಸಾಲದಾಗುತ್ತದೆ. ಆದ್ದರಿಂದ ಟೈಪ್ 2ರಲ್ಲಿ ಬಳಸುವ ಗುಳಿಗೆಗಳು ಟೈಪ್ 1ರಲ್ಲಿ ಇನ್ಸುಲಿನ್‌ಗೆ ಬದಲಿಯಾಗಲಾರವು.

ಸಂಶೋಧನೆಯ ಇತಿಹಾಸ

ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಜೆ. ಜೆ. ಆರ್. ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಇನ್ಸುಲಿನ್ ಅನ್ನು ಬೇರ್ಪಡಿಸಿದರು. ಜೇಮ್ಸ್ ಕೊಲಿಪ್ ಅದನ್ನು ಶುದ್ಧೀಕರಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅದನ್ನು ಮೊದಲ ಬಾರಿಗೆ ಚುಚ್ಚುಮದ್ದಾಗಿ ನೀಡಲಾಯಿತು. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ ಜೀವ ಉಳಿಸಿತಾದರೂ ಬೀಟಾ ಕೋಶಗಳು ಏಕೆ ನಾಶವಾಗುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ಅರ್ಧ ಶತಮಾನ ಬೇಕಾಯಿತು.

ಬೆಲ್ಜಿಯಂನ ವಿಲ್ಲಿ ಗೆಪ್ಟ್ಸ್ 1965ರಲ್ಲಿ, ಕಾಯಿಲೆ ಪತ್ತೆಯಾದ ಕೆಲವೇ ಸಮಯದಲ್ಲಿ ಮೃತಪಟ್ಟ ಕಿರಿಯ ರೋಗಿಗಳ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. 22 ಮಂದಿಯ ಪೈಕಿ 15 ಮಂದಿಯ ಕಿರುದ್ವೀಪಗಳಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ತುಂಬಿಕೊಂಡಿದ್ದುದು ಕಂಡುಬಂದಿತು. ಕಿರುದ್ವೀಪಗಳ ಈ ಉರಿಯೂತವನ್ನು ಇನ್ಸುಲೈಟಿಸ್ ಎಂದು ಕರೆಯಲಾಗುತ್ತದೆ. ಇದೇ ರೋಗನಿರೋಧಕ ಜೀವಕೋಶಗಳ ಪಾತ್ರಕ್ಕೆ ದೊರೆತ ಪ್ರಮುಖ ಸುಳಿವಾಯಿತು. 1974ರಲ್ಲಿ ಜಾನ್ ಫ್ರಾಂಕೊ ಬೊಟಾಜ್ಜೊ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಕಿರುದ್ವೀಪಗಳ ವಿರುದ್ಧದ ಪ್ರತಿಕಾಯಗಳನ್ನು ಗುರುತಿಸಿದರು.

1980ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ನಡೆದ ಸಂಶೋಧನೆಯಲ್ಲಿ ಎಸ್. ಶ್ರೀಕಂಠ ಪ್ರಮುಖ ಪಾತ್ರ ವಹಿಸಿದರು. ಇವರು ಅನಂತರ ಬೆಂಗಳೂರಿನ ಸಮತ್ವಂ ಸಂಸ್ಥೆಯ ಮೂಲಕ ಮಧುಮೇಹ ಚಿಕಿತ್ಸೆಯಲ್ಲಿ ತೊಡಗಿದರು. ಶ್ರೀಕಂಠ, ಜಾರ್ಜ್ ಐಸೆನ್‌ಬಾರ್ತ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ಪ್ರಕಟಿಸಿದ ಅಧ್ಯಯನವು, ಒಬ್ಬರಿಗೆ ಮಾತ್ರ ಕಾಯಿಲೆ ಬಂದಿದ್ದ ತದ್ರೂಪಿ ಅವಳಿ ಮತ್ತು ತ್ರಿವಳಿ ಒಡಹುಟ್ಟಿದವರನ್ನು ಕುರಿತದ್ದಾಗಿತ್ತು. ಆರೋಗ್ಯವಂತರಾಗಿದ್ದು ಮುಂದೆ ಕಾಯಿಲೆಗೆ ಒಳಗಾದ ಒಡಹುಟ್ಟಿದವರ ರಕ್ತದಲ್ಲಿ ವರ್ಷಗಳ ಮೊದಲೇ ಪ್ರತಿಕಾಯಗಳಿದ್ದುದು ಮತ್ತು ಇನ್ಸುಲಿನ್ ಸ್ರವಿಸುವ ಸಾಮರ್ಥ್ಯ ನಿಧಾನವಾಗಿ ಕುಗ್ಗುತ್ತಾ ಬಂದುದು ಇದರಿಂದ ತಿಳಿಯಿತು. ಹೊರನೋಟಕ್ಕೆ ಹಠಾತ್ತನೆ ಬಂದಂತೆ ತೋರುವ ಈ ಕಾಯಿಲೆಯು ವಾಸ್ತವದಲ್ಲಿ ನಿಧಾನಗತಿಯ ಸ್ವಯಂ ನಿರೋಧಕ ಪ್ರಕ್ರಿಯೆ ಎಂಬ ನಿಲುವನ್ನು ಐಸೆನ್‌ಬಾರ್ತ್ 1986ರಲ್ಲಿ ವಿಸ್ತಾರವಾಗಿ ಮಂಡಿಸಿದರು.

ಅದೇ ದಶಕದಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ಸದರ್‌ಲ್ಯಾಂಡ್ ಮತ್ತು ಸಂಗಡಿಗರು, ಕಾಯಿಲೆಯಿಲ್ಲದ ತದ್ರೂಪಿ ಅವಳಿಯ ಮೇದೋಜೀರಕ ಗ್ರಂಥಿಯ ಒಂದು ಭಾಗವನ್ನು ಕಾಯಿಲೆಯಿದ್ದ ಅವಳಿಗೆ ಕಸಿ ಮಾಡಿದರು. ತದ್ರೂಪಿಗಳಾದ್ದರಿಂದ ಕಸಿಯನ್ನು ದೇಹ ತಿರಸ್ಕರಿಸಲಿಲ್ಲ. ಆದರೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಪಡೆಯದವರಲ್ಲಿ ಕಸಿಯಾದ ಭಾಗದ ಬೀಟಾ ಕೋಶಗಳೂ ನಾಶವಾಗಿ ಮಧುಮೇಹ ಮರುಕಳಿಸಿತು. ದೋಷವು ಮೇದೋಜೀರಕ ಗ್ರಂಥಿಗಷ್ಟೇ ಸೀಮಿತವಲ್ಲ, ರೋಗನಿರೋಧಕ ವ್ಯವಸ್ಥೆಯಲ್ಲಿದೆ ಎಂಬುದಕ್ಕೆ ಇದು ನೇರ ಸಾಕ್ಷ್ಯವಾಯಿತು.

ಸ್ವ-ಸಹಿಷ್ಣುತೆ ಮತ್ತು ಅದರ ಭಂಗ

ಟಿ ಜೀವಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಅಲ್ಲಿ ದೇಹದ ವಿವಿಧ ಅಂಗಾಂಶಗಳ ಪ್ರೋಟೀನ್ ತುಣುಕುಗಳನ್ನು ಅವುಗಳ ಮುಂದೆ ಇಡಲಾಗುತ್ತದೆ. ಇನ್ಸುಲಿನ್ ಸಹ ಥೈಮಸ್‌ನಲ್ಲಿ ಅಲ್ಪ ಪ್ರಮಾಣದಲ್ಲಿ ತಯಾರಾಗುತ್ತದೆ. ದೇಹದ ಸ್ವಂತ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುವ ಟಿ ಕೋಶಗಳನ್ನು ಅಲ್ಲಿಯೇ ನಿವಾರಿಸಲಾಗುತ್ತದೆ. ಸ್ವಂತ ಅಂಗಾಂಶದ ಮೇಲೆ ದಾಳಿ ನಡೆಸದಿರುವ ಈ ಗುಣವನ್ನು ಸ್ವ-ಸಹಿಷ್ಣುತೆ ಎನ್ನಲಾಗುತ್ತದೆ.

ಈ ಶೋಧನೆ ಪರಿಪೂರ್ಣವಲ್ಲ. ಆರೋಗ್ಯವಂತರ ರಕ್ತದಲ್ಲಿಯೂ ಬೀಟಾ ಕೋಶಗಳನ್ನು ಗುರುತಿಸಬಲ್ಲ ಕೆಲವು ಟಿ ಕೋಶಗಳು ಸಂಚರಿಸುತ್ತಿರುತ್ತವೆ. ಅವುಗಳನ್ನು ಹದ್ದುಬಸ್ತಿನಲ್ಲಿಡುವ ಎರಡನೆಯ ಏರ್ಪಾಡು ವಿಫಲವಾದಾಗ ಮಾತ್ರ ಕಾಯಿಲೆ ತಲೆದೋರುತ್ತದೆ. ಈ ವೈಫಲ್ಯಕ್ಕೆ ಅನುವಂಶೀಯತೆ ಮತ್ತು ಪರಿಸರ ಎರಡೂ ಕಾರಣವಾಗುತ್ತವೆ.

ಅನುವಂಶೀಯ ಕಾರಣಗಳಲ್ಲಿ ಎಚ್‌ಎಲ್‌ಎ ವಂಶವಾಹಿಗಳ ಪಾಲು ಅತಿ ಹೆಚ್ಚು. ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಅಣುಗಳನ್ನು ಈ ವಂಶವಾಹಿಗಳು ರೂಪಿಸುತ್ತವೆ. ಡಿಆರ್3 ಮತ್ತು ಡಿಆರ್4 ಎಂಬ ಮಾದರಿಗಳು ಅಪಾಯವನ್ನು ಹೆಚ್ಚಿಸುತ್ತವೆ. ಭಾರತೀಯ ರೋಗಿಗಳಲ್ಲಿ ಡಿಆರ್3 ಮಾದರಿಯ ಸಂಬಂಧವು ಎದ್ದು ಕಾಣುತ್ತದೆ. ಆದರೆ ಈ ಮಾದರಿಗಳಿರುವ ಬಹುಪಾಲು ಜನರಿಗೆ ಮಧುಮೇಹ ಬರುವುದಿಲ್ಲ. ಕಾಯಿಲೆ ಬಂದ ಹೆಚ್ಚಿನ ಮಕ್ಕಳ ತಂದೆತಾಯಿಗಳಿಗಾಗಲಿ ಒಡಹುಟ್ಟಿದವರಿಗಾಗಲಿ ಟೈಪ್ 1 ಮಧುಮೇಹ ಇರುವುದಿಲ್ಲ. ಪರಿಸರದ ಅಂಶಗಳಲ್ಲಿ ಕಾಕ್ಸಾಕಿ ಬಿ ಗುಂಪಿನ ಎಂಟರೊವೈರಸ್ ಸೋಂಕುಗಳು ಹೆಚ್ಚು ಅಧ್ಯಯನಕ್ಕೆ ಒಳಗಾಗಿವೆ.

ಜೀವಕೋಶಗಳು ಮತ್ತು ಅವುಗಳ ಪಾತ್ರ

ಪ್ರತಿಜನಕವನ್ನು ಒಯ್ಯುವ ಕೋಶಗಳು

ಡೆಂಡ್ರೈಟಿಕ್ ಕೋಶಗಳು ಮತ್ತು ಮ್ಯಾಕ್ರೋಫೇಜ್‌ಗಳು ಅಂಗಾಂಶಗಳಲ್ಲಿ ನೆಲೆಸಿ ಸತ್ತ ಜೀವಕೋಶಗಳ ಅವಶೇಷಗಳನ್ನು ಕಬಳಿಸುತ್ತವೆ. ಬೀಟಾ ಕೋಶಗಳಿಂದ ಬಿಡುಗಡೆಯಾದ ಪ್ರೋಟೀನ್‌ಗಳನ್ನು ಡೆಂಡ್ರೈಟಿಕ್ ಕೋಶಗಳು ಮೇದೋಜೀರಕ ಗ್ರಂಥಿಯ ಸಮೀಪದ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಅವು ಆ ತುಣುಕುಗಳನ್ನು ಟಿ ಕೋಶಗಳಿಗೆ ಪ್ರದರ್ಶಿಸುತ್ತವೆ. ತುಣುಕಿಗೆ ಹೊಂದುವ ಟಿ ಕೋಶವಿದ್ದರೆ ಅದು ಚುರುಕುಗೊಂಡು ವಿಭಜನೆ ಹೊಂದುತ್ತದೆ ಮತ್ತು ರಕ್ತದ ಮೂಲಕ ಕಿರುದ್ವೀಪಗಳತ್ತ ಸಾಗುತ್ತದೆ. ಮ್ಯಾಕ್ರೋಫೇಜ್‌ಗಳು ಕಿರುದ್ವೀಪದಲ್ಲಿದ್ದುಕೊಂಡು ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ಟಿಎನ್‌ಎಫ್ ಆಲ್ಫಾ ಎಂಬ ಉರಿಯೂತಕಾರಕ ಸಂಕೇತ ಪ್ರೋಟೀನ್‌ಗಳನ್ನು ಸ್ರವಿಸುತ್ತವೆ. ಇವು ಬೀಟಾ ಕೋಶಗಳ ಕೆಲಸವನ್ನು ನೇರವಾಗಿ ಕುಂಠಿತಗೊಳಿಸುತ್ತವೆ.

ಸಹಾಯಕ ಟಿ ಕೋಶಗಳು

ಮೇಲ್ಮೈಯಲ್ಲಿ ಸಿಡಿ4 ಎಂಬ ಪ್ರೋಟೀನ್ ಹೊಂದಿರುವ ಇವು ಉಳಿದ ಜೀವಕೋಶಗಳಿಗೆ ಸೂಚನೆ ನೀಡುತ್ತವೆ. ಇವು ಸ್ರವಿಸುವ ಗಾಮಾ ಇಂಟರ್‌ಫೆರಾನ್‌ನಿಂದ ಮ್ಯಾಕ್ರೋಫೇಜ್‌ಗಳು ಉದ್ರೇಕಗೊಳ್ಳುತ್ತವೆ, ಮಾರಕ ಟಿ ಕೋಶಗಳು ಬಲ ಪಡೆಯುತ್ತವೆ. ಬಿ ಕೋಶಗಳು ಪ್ರತಿಕಾಯ ತಯಾರಿಸಲು ಸಹ ಸಹಾಯಕ ಟಿ ಕೋಶಗಳ ನೆರವು ಬೇಕು. ಎಚ್‌ಎಲ್‌ಎ ಡಿಆರ್ ಮತ್ತು ಡಿಕ್ಯೂ ಅಣುಗಳು ತುಣುಕುಗಳನ್ನು ತೋರಿಸುವುದು ಈ ಕೋಶಗಳಿಗೇ ಆದ್ದರಿಂದ, ಆ ವಂಶವಾಹಿಗಳ ಪ್ರಭಾವ ಇವುಗಳ ಮೂಲಕವೇ ಪ್ರಕಟವಾಗುತ್ತದೆ ಎಂದು ತಿಳಿಯಲಾಗಿದೆ.

ಮಾರಕ ಟಿ ಕೋಶಗಳು

ಸಿಡಿ8 ಎಂಬ ಪ್ರೋಟೀನ್ ಹೊಂದಿರುವ ಮಾರಕ ಟಿ ಕೋಶಗಳು ಬೀಟಾ ಕೋಶಗಳನ್ನು ಕೊಲ್ಲುವ ಮುಖ್ಯ ಕೋಶಗಳಾಗಿವೆ. ಮಾನವ ಕಿರುದ್ವೀಪಗಳ ಉರಿಯೂತದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಕಂಡುಬರುವುದು ಇವೇ. ಸಾಮಾನ್ಯವಾಗಿ ಇವುಗಳ ಕೆಲಸ ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವುದು. ಬಹುತೇಕ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನ್‌ಗಳ ತುಣುಕುಗಳನ್ನು ಎಚ್‌ಎಲ್‌ಎ ಒಂದನೇ ವರ್ಗದ ಅಣುಗಳ ಮೂಲಕ ಹೊರಮೈಯಲ್ಲಿ ಪ್ರದರ್ಶಿಸುತ್ತದೆ. ಟೈಪ್ 1 ಮಧುಮೇಹ ಬಂದವರ ಕಿರುದ್ವೀಪಗಳಲ್ಲಿ ಈ ಅಣುಗಳ ಪ್ರಮಾಣ ಅಸಹಜವಾಗಿ ಹೆಚ್ಚಿರುತ್ತದೆ. ಹೀಗಾಗಿ ಬೀಟಾ ಕೋಶಗಳು ಮಾರಕ ಟಿ ಕೋಶಗಳ ಕಣ್ಣಿಗೆ ಸುಲಭವಾಗಿ ಬೀಳುತ್ತವೆ.

ಗುರಿಯನ್ನು ಗುರುತಿಸಿದ ಮಾರಕ ಟಿ ಕೋಶವು ಅದಕ್ಕೆ ಅಂಟಿಕೊಂಡು ಪರ್ಫೊರಿನ್ ಎಂಬ ಪ್ರೋಟೀನ್ ಬಿಡುಗಡೆ ಮಾಡುತ್ತದೆ. ಅದು ಬೀಟಾ ಕೋಶದ ಪೊರೆಯಲ್ಲಿ ರಂಧ್ರಗಳನ್ನು ಉಂಟುಮಾಡುತ್ತದೆ. ಬಳಿಕ ಗ್ರಾಂಜೈಮ್ ಎಂಬ ಕಿಣ್ವಗಳು ಒಳಹೊಕ್ಕು ಆ ಕೋಶವು ತಾನಾಗಿಯೇ ಸಾಯುವಂತೆ ಮಾಡುತ್ತವೆ. ಇನ್ಸುಲಿನ್‌ನ ಪೂರ್ವರೂಪವಾದ ಪ್ರೋಟೀನಿನ ತುಣುಕು ಸಹ ಈ ಕೋಶಗಳ ಗುರಿಗಳಲ್ಲಿ ಒಂದು. ಬೀಟಾ ಕೋಶವು ತನ್ನ ಮುಖ್ಯ ಕೆಲಸವಾದ ಇನ್ಸುಲಿನ್ ತಯಾರಿಕೆಯಿಂದಲೇ ಗುರುತಿಸಲ್ಪಟ್ಟು ದಾಳಿಗೆ ಒಳಗಾಗುತ್ತದೆ.

ಬಿ ಕೋಶಗಳು ಮತ್ತು ಪ್ರತಿಕಾಯಗಳು

ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟೈಪ್ 1 ಮಧುಮೇಹದಲ್ಲಿ ಮುಖ್ಯವಾಗಿ ನಾಲ್ಕು ಪ್ರೋಟೀನ್‌ಗಳ ವಿರುದ್ಧದ ಪ್ರತಿಕಾಯಗಳು ಕಂಡುಬರುತ್ತವೆ: ಇನ್ಸುಲಿನ್, ಜಿಎಡಿ65, ಐಎ-2 ಮತ್ತು ಜಿಂಕ್ ಸಾಗಣೆದಾರ 8. ರೋಗನಿರ್ಣಯದಲ್ಲಿ ಹಾಗೂ ಅಪಾಯವನ್ನು ಮುಂಚಿತವಾಗಿ ತಿಳಿಯುವಲ್ಲಿ ಇವುಗಳಿಗೆ ಮಹತ್ವವಿದೆ. ಆದರೆ ಬೀಟಾ ಕೋಶಗಳನ್ನು ಕೊಲ್ಲುವುದು ಮುಖ್ಯವಾಗಿ ಈ ಪ್ರತಿಕಾಯಗಳಲ್ಲ. ಹುಟ್ಟಿನಿಂದಲೇ ಬಿ ಕೋಶಗಳ ತೀವ್ರ ಕೊರತೆಯಿದ್ದ ಒಬ್ಬ ವ್ಯಕ್ತಿಗೂ ಟೈಪ್ 1 ಮಧುಮೇಹ ಬಂದುದನ್ನು 2001ರ ವರದಿಯೊಂದು ದಾಖಲಿಸಿದೆ.

ಹಾಗೆಂದು ಬಿ ಕೋಶಗಳು ನಿರಪರಾಧಿಗಳೂ ಅಲ್ಲ. ಅವು ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸಿ ದಾಳಿಯನ್ನು ಪ್ರಚೋದಿಸುತ್ತವೆ. ಬಿ ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಔಷಧವು ಹೊಸ ರೋಗಿಗಳಲ್ಲಿ ಇನ್ಸುಲಿನ್ ಸ್ರವಿಸುವ ಸಾಮರ್ಥ್ಯದ ನಷ್ಟವನ್ನು ಒಂದು ವರ್ಷದ ಅವಧಿಯಲ್ಲಿ ನಿಧಾನಗೊಳಿಸಿತೆಂದು 2009ರಲ್ಲಿ ಪ್ರಕಟವಾದ ಪ್ರಯೋಗ ತಿಳಿಸಿತು. ಅತಿ ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದ ಮಕ್ಕಳ ಕಿರುದ್ವೀಪಗಳಲ್ಲಿ ಬಿ ಕೋಶಗಳು ಹೆಚ್ಚಾಗಿರುತ್ತವೆ, ಹದಿಹರೆಯದಲ್ಲಿ ಬಂದವರಲ್ಲಿ ಕಡಿಮೆ ಇರುತ್ತವೆ. ಚಿಕ್ಕ ಮಕ್ಕಳಲ್ಲಿ ಬೀಟಾ ಕೋಶಗಳ ನಾಶವು ಹೆಚ್ಚು ತೀವ್ರವಾಗಿರುವುದರೊಂದಿಗೆ ಈ ವ್ಯತ್ಯಾಸಕ್ಕೆ ಸಂಬಂಧವಿದೆ.

ನಿಯಂತ್ರಕ ಟಿ ಕೋಶಗಳು

ಇವು ಇತರ ಟಿ ಕೋಶಗಳ ದಾಳಿಯನ್ನು ತಡೆಹಿಡಿಯುತ್ತವೆ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವುಗಳನ್ನು ಸ್ಪಷ್ಟವಾಗಿ ಗುರುತಿಸಿದರು. ಈ ಕೋಶಗಳ ಬೆಳವಣಿಗೆಗೆ ಫಾಕ್ಸ್‌ಪಿ3 ಎಂಬ ವಂಶವಾಹಿ ಅಗತ್ಯ. ಆ ವಂಶವಾಹಿಯ ದೋಷದೊಂದಿಗೆ ಹುಟ್ಟಿದ ಗಂಡುಮಕ್ಕಳಲ್ಲಿ ಐಪೆಕ್ಸ್ ಎಂಬ ಅಪರೂಪದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಂಥ ಅನೇಕ ಶಿಶುಗಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಅಥವಾ ತಿಂಗಳುಗಳಲ್ಲಿ ಮಧುಮೇಹ ಬರುತ್ತದೆ. ನಿಯಂತ್ರಕ ಕೋಶಗಳಿಲ್ಲದಿದ್ದರೆ ಸ್ವ-ಸಹಿಷ್ಣುತೆ ಉಳಿಯದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಸಾಮಾನ್ಯ ಟೈಪ್ 1 ಮಧುಮೇಹದಲ್ಲಿ ಈ ಕೋಶಗಳ ಸಂಖ್ಯೆಗಿಂತ ಅವುಗಳ ಕಾರ್ಯಕ್ಷಮತೆಯಲ್ಲಿ ಕೊರತೆ ಕಂಡುಬಂದಿದೆ. ಈ ಕ್ಷೇತ್ರದ ಸಂಶೋಧನೆಗಾಗಿ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾಯಿಲೆಯ ಹಂತಗಳು

2015ರಿಂದ ಕಾಯಿಲೆಯ ಬೆಳವಣಿಗೆಯನ್ನು ಮೂರು ಹಂತಗಳಾಗಿ ವಿಂಗಡಿಸಲಾಗುತ್ತಿದೆ.

ಮೊದಲ ಹಂತ: ರಕ್ತದಲ್ಲಿ ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳಿರುತ್ತವೆ. ಗ್ಲುಕೋಸ್ ಪ್ರಮಾಣ ಸಹಜವಾಗಿರುತ್ತದೆ. ಯಾವುದೇ ಲಕ್ಷಣವಿರುವುದಿಲ್ಲ.

ಎರಡನೆಯ ಹಂತ: ಪ್ರತಿಕಾಯಗಳ ಜೊತೆಗೆ ಗ್ಲುಕೋಸ್ ಪ್ರಮಾಣದಲ್ಲಿ ಏರುಪೇರು ಆರಂಭವಾಗುತ್ತದೆ. ಲಕ್ಷಣಗಳಿರುವುದಿಲ್ಲ.

ಮೂರನೆಯ ಹಂತ: ಗ್ಲುಕೋಸ್ ಪ್ರಮಾಣ ಮಧುಮೇಹದ ಮಟ್ಟ ತಲುಪುತ್ತದೆ. ಸಾಮಾನ್ಯವಾಗಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಎರಡು ಅಥವಾ ಹೆಚ್ಚು ಪ್ರತಿಕಾಯಗಳಿರುವ ಮಕ್ಕಳಲ್ಲಿ ಸುಮಾರು ಶೇಕಡಾ 70ರಷ್ಟು ಮಂದಿ 10 ವರ್ಷಗಳೊಳಗೆ ಮೂರನೆಯ ಹಂತ ತಲುಪುತ್ತಾರೆ ಎಂದು 2013ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನ ತಿಳಿಸಿದೆ. ಬಹುತೇಕ ಮಕ್ಕಳಲ್ಲಿ ಮೊದಲ ಎರಡು ಹಂತಗಳು ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತವೆ.

ತಾತ್ಕಾಲಿಕ ಉಪಶಮನ

ಕಾಯಿಲೆ ಪತ್ತೆಯಾದಾಗ ಎಲ್ಲ ಬೀಟಾ ಕೋಶಗಳೂ ಸತ್ತಿರುವುದಿಲ್ಲ. ಉಳಿದ ಕೋಶಗಳು ಹೆಚ್ಚಿನ ಗ್ಲುಕೋಸ್ ಮತ್ತು ಉರಿಯೂತದಿಂದ ಬಳಲಿರುತ್ತವೆ. ಇನ್ಸುಲಿನ್ ಚಿಕಿತ್ಸೆ ಆರಂಭವಾದ ಮೇಲೆ ಅವುಗಳಿಗೆ ವಿಶ್ರಾಂತಿ ದೊರೆತು ಕೆಲವು ವಾರ ಅಥವಾ ತಿಂಗಳುಗಳ ಕಾಲ ಮತ್ತೆ ಇನ್ಸುಲಿನ್ ಸ್ರವಿಸತೊಡಗುತ್ತವೆ. ಈ ಅವಧಿಯಲ್ಲಿ ಚುಚ್ಚುಮದ್ದಿನ ಪ್ರಮಾಣ ಬಹಳ ಕಡಿಮೆ ಸಾಕಾಗುತ್ತದೆ. ವೈದ್ಯರು ಇದನ್ನು ಹನಿಮೂನ್ ಅವಧಿ ಎಂದು ಕರೆಯುತ್ತಾರೆ.

ಮಗು ಗುಣವಾಯಿತೆಂಬ ತಪ್ಪು ಭಾವನೆ ಮೂಡುವುದು ಈ ಅವಧಿಯಲ್ಲಿಯೇ. ಇದೇ ಸಮಯದಲ್ಲಿ ನಾಟಿ ಔಷಧ ಅಥವಾ ಪಥ್ಯವನ್ನು ಅನುಸರಿಸಿದ್ದರೆ ಸುಧಾರಣೆಯ ಶ್ರೇಯಸ್ಸು ಅದಕ್ಕೆ ಸಲ್ಲುತ್ತದೆ. ಆದರೆ ಟಿ ಕೋಶಗಳ ದಾಳಿ ನಿಂತಿರುವುದಿಲ್ಲ. ಉಳಿದ ಬೀಟಾ ಕೋಶಗಳೂ ಕ್ರಮೇಣ ನಾಶವಾಗುತ್ತವೆ. ಇನ್ಸುಲಿನ್ ಪೂರ್ತಿಯಾಗಿ ನಿಲ್ಲಿಸಿದರೆ ಕೀಟೋಆಮ್ಲತೆ ಉಂಟಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಪ್ರಮಾಣವನ್ನು ವೈದ್ಯರ ಸಲಹೆಯಂತೆ ಮಾತ್ರ ಇಳಿಸಲಾಗುತ್ತದೆ.

ಲಕ್ಷಣಗಳು ಮತ್ತು ರೋಗನಿರ್ಣಯ

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ಹಸಿವಿದ್ದರೂ ತೂಕ ಇಳಿಯುವುದು ಮತ್ತು ಆಯಾಸ ಪ್ರಮುಖ ಲಕ್ಷಣಗಳಾಗಿವೆ. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುವುದೂ ಒಂದು ಸೂಚನೆ. ಕೀಟೋಆಮ್ಲತೆ ಆರಂಭವಾದಾಗ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಮತ್ತು ಮಂಪರು ಕಾಣಿಸುತ್ತವೆ. ಈ ಚಿಹ್ನೆಗಳನ್ನು ಹೊಟ್ಟೆಯ ಸೋಂಕು, ಅಪೆಂಡಿಸೈಟಿಸ್ ಅಥವಾ ನ್ಯುಮೋನಿಯಾ ಎಂದು ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ.

ಲಕ್ಷಣಗಳಿರುವಾಗ ಯಾವುದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಗ್ಲುಕೋಸ್ ಪ್ರತಿ ಡೆಸಿಲೀಟರಿಗೆ 200 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ನಿರ್ಧರಿಸಲಾಗುತ್ತದೆ. ಪ್ರತಿಕಾಯ ಪರೀಕ್ಷೆ ಮತ್ತು ಸಿ-ಪೆಪ್ಟೈಡ್ ಪರೀಕ್ಷೆಗಳು ಕಾಯಿಲೆಯ ಬಗೆಯನ್ನು ಖಚಿತಪಡಿಸಲು ನೆರವಾಗುತ್ತವೆ. ಆದರೆ ಲಕ್ಷಣಗಳಿರುವ ಮಗುವಿಗೆ ಇನ್ಸುಲಿನ್ ಆರಂಭಿಸಲು ಆ ಪರೀಕ್ಷೆಗಳ ಫಲಿತಾಂಶಕ್ಕಾಗಿ ಕಾಯುವ ಅಗತ್ಯವಿಲ್ಲ.

ಕರ್ನಾಟಕದಲ್ಲಿ

ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನ ಪ್ರಕಾರ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2.29 ಲಕ್ಷ ಮಂದಿಗೆ ಟೈಪ್ 1 ಮಧುಮೇಹವಿದೆ. ಇದು ಜಗತ್ತಿನ ದೇಶಗಳಲ್ಲಿಯೇ ಅತಿ ಹೆಚ್ಚು. ಕರ್ನಾಟಕದಲ್ಲಿ 1995ರಿಂದ 2008ರವರೆಗಿನ ಮಾಹಿತಿಯನ್ನು ಸಂಗ್ರಹಿಸಿದ ರಾಜ್ಯ ಮಧುಮೇಹ ನೋಂದಣಿಯು, ವರ್ಷಕ್ಕೆ ಪ್ರತಿ ಒಂದು ಲಕ್ಷ ಗಂಡುಮಕ್ಕಳಲ್ಲಿ 3.7 ಮತ್ತು ಹೆಣ್ಣುಮಕ್ಕಳಲ್ಲಿ 4.0 ಹೊಸ ಪ್ರಕರಣಗಳನ್ನು ದಾಖಲಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2006ರಲ್ಲಿ ಕಿರಿಯರ ಮಧುಮೇಹ ನೋಂದಣಿಯನ್ನು ಆರಂಭಿಸಿತು ಮತ್ತು 2022ರಲ್ಲಿ ಟೈಪ್ 1 ಮಧುಮೇಹದ ಚಿಕಿತ್ಸೆಗಾಗಿಯೇ ಮಾರ್ಗಸೂಚಿಯನ್ನು ಹೊರತಂದಿತು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಮತ್ತು ಬೆಳಗಾವಿಯ ಕೆಎಲ್‌ಇ ಮಧುಮೇಹ ಕೇಂದ್ರ ರಾಜ್ಯದ ಪ್ರಮುಖ ಮಧುಮೇಹ ಚಿಕಿತ್ಸಾ ಸಂಸ್ಥೆಗಳಲ್ಲಿ ಸೇರಿವೆ.

ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು

ರಾಯಚೂರು ಜಿಲ್ಲೆಯ ಈ ಮೂರು ಪಟ್ಟಣಗಳು ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ. ಸಿಂಧನೂರು ಮತ್ತು ಲಿಂಗಸುಗೂರಿನಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜಿಲ್ಲಾ ಕೇಂದ್ರದಲ್ಲಿದೆ. ಇಂಥ ಪ್ರದೇಶದಲ್ಲಿ ಕಾಯಿಲೆಯ ಮೊದಲ ಗುರುತಿಸುವಿಕೆ ಹತ್ತಿರದ ಚಿಕಿತ್ಸಾಲಯದಲ್ಲಿಯೇ ಆಗುವುದು ಮುಖ್ಯ. ಅದಕ್ಕೆ ವಿಶೇಷ ಪ್ರಯೋಗಾಲಯ ಬೇಕಿಲ್ಲ. ಬೆರಳತುದಿಯ ಒಂದು ಹನಿ ರಕ್ತವನ್ನು ಗ್ಲುಕೋಮೀಟರಿನಲ್ಲಿ ಪರೀಕ್ಷಿಸುವುದರಿಂದ ಹಾಗೂ ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ಪಟ್ಟಿಯ ಮೂಲಕ ನೋಡುವುದರಿಂದ ಅಪಾಯ ತಿಳಿಯುತ್ತದೆ. ಕೀಟೋಆಮ್ಲತೆಯ ಶಂಕೆಯಿದ್ದರೆ ಮಗುವನ್ನು ತಡಮಾಡದೆ ಒಳರೋಗಿ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ.

ಬೇಸಿಗೆಯಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಇನ್ಸುಲಿನ್ ಸಂಗ್ರಹಣೆ ಒಂದು ಪ್ರಾಯೋಗಿಕ ಸಮಸ್ಯೆಯಾಗಿದೆ. ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಬಳಕೆಗೆ ಯೋಗ್ಯವಲ್ಲ. ಫ್ರಿಜ್ ಇಲ್ಲದ ಅಥವಾ ವಿದ್ಯುತ್ ಕೈಕೊಡುವ ಮನೆಗಳಲ್ಲಿ ಬಳಕೆಯಲ್ಲಿರುವ ಸೀಸೆಯನ್ನು ನೀರು ತಾಗದಂತೆ ಮುಚ್ಚಿ, ಒದ್ದೆ ಮರಳು ಅಥವಾ ನೀರಿನಿಂದ ತಂಪಾಗಿಟ್ಟ ಮಣ್ಣಿನ ಗಡಿಗೆಯಲ್ಲಿ, ನೆರಳಿನಲ್ಲಿ ಇಡುವ ವಿಧಾನವನ್ನು ವೈದ್ಯರು ಸೂಚಿಸುತ್ತಾರೆ. ಬಿಸಿಲಿನಲ್ಲಿ ಕೆಟ್ಟ ಇನ್ಸುಲಿನ್ ಚುಚ್ಚಿಕೊಂಡರೂ ಕೆಲಸ ಮಾಡುವುದಿಲ್ಲ.

ಜೋಳದ ರೊಟ್ಟಿ ಮತ್ತು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಲ್ಲಿ ಬೆಳೆಯುವ ಭತ್ತದ ಅನ್ನ ಇಲ್ಲಿನ ಸಾಮಾನ್ಯ ಆಹಾರ. ಟೈಪ್ 1 ಮಧುಮೇಹವಿರುವ ಮಕ್ಕಳು ಇವೆರಡನ್ನೂ ಸೇವಿಸಬಹುದು. ತಟ್ಟೆಯಲ್ಲಿನ ಪಿಷ್ಟದ ಪ್ರಮಾಣಕ್ಕೆ ತಕ್ಕಂತೆ ಇನ್ಸುಲಿನ್ ಪ್ರಮಾಣವನ್ನು ಹೊಂದಿಸುವುದು ಚಿಕಿತ್ಸೆಯ ತತ್ವವಾಗಿದೆ.

ಚಿಕಿತ್ಸೆ

ಇನ್ಸುಲಿನ್ ಚಿಕಿತ್ಸೆಯು ಕಳೆದುಹೋದ ಹಾರ್ಮೋನನ್ನು ಪೂರೈಸುತ್ತದೆ, ರೋಗನಿರೋಧಕ ಜೀವಕೋಶಗಳ ದಾಳಿಯನ್ನು ತಡೆಯುವುದಿಲ್ಲ. ದಾಳಿಯನ್ನೇ ತಡೆಯುವ ಯತ್ನಗಳು 1980ರ ದಶಕದಲ್ಲಿ ಆರಂಭವಾದವು. ಟಿ ಕೋಶಗಳನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಔಷಧದಿಂದ ಕೆಲವು ಹೊಸ ರೋಗಿಗಳಿಗೆ ತಾತ್ಕಾಲಿಕವಾಗಿ ಇನ್ಸುಲಿನ್ ಬೇಡವಾಯಿತು. ಔಷಧ ನಿಲ್ಲಿಸಿದೊಡನೆ ಪರಿಣಾಮ ಇಲ್ಲವಾಯಿತು, ಮೂತ್ರಪಿಂಡಗಳಿಗೆ ಹಾನಿಯ ಅಪಾಯವೂ ಇತ್ತು. ಆದ್ದರಿಂದ ಅದು ಬಳಕೆಗೆ ಬರಲಿಲ್ಲ.

ಟಿ ಕೋಶಗಳ ಸಿಡಿ3 ಪ್ರೋಟೀನಿಗೆ ಅಂಟುವ ಟೆಪ್ಲಿಜುಮ್ಯಾಬ್ ಎಂಬ ಪ್ರತಿಕಾಯ ಔಷಧವು ಎರಡನೆಯ ಹಂತದಲ್ಲಿರುವವರು ಮೂರನೆಯ ಹಂತ ತಲುಪುವುದನ್ನು ಸರಾಸರಿ ಸುಮಾರು ಎರಡು ವರ್ಷ ಮುಂದೂಡಿತೆಂದು 2019ರಲ್ಲಿ ವರದಿಯಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ನವೆಂಬರ್‌ನಲ್ಲಿ 8 ವರ್ಷ ಮೇಲ್ಪಟ್ಟ ಎರಡನೆಯ ಹಂತದವರಿಗಾಗಿ ಇದಕ್ಕೆ ಅನುಮತಿ ನೀಡಿತು. ಇದನ್ನು 14 ದಿನಗಳ ಕಾಲ ರಕ್ತನಾಳದ ಮೂಲಕ ನೀಡಲಾಗುತ್ತದೆ. ಕಾಯಿಲೆಯ ಆರಂಭವನ್ನು ಮುಂದೂಡಲು ಅನುಮತಿ ಪಡೆದ ಮೊದಲ ಔಷಧ ಇದಾಗಿದೆ. ಇದು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸಿ ಮರಳಿ ನೀಡುವುದು ಮತ್ತು ಕಾಂಡಕೋಶಗಳಿಂದ ತಯಾರಿಸಿದ ಕಿರುದ್ವೀಪಗಳ ಕಸಿ ಸಂಶೋಧನೆಯ ಹಂತದಲ್ಲಿವೆ. ಕಸಿ ಮಾಡಿದ ಕೋಶಗಳನ್ನು ಅದೇ ಟಿ ಕೋಶಗಳ ದಾಳಿಯಿಂದ ಕಾಪಾಡುವುದು ಇವುಗಳ ಮುಖ್ಯ ಸವಾಲಾಗಿದೆ.

ಸಂಬಂಧಿತ ಕಾಯಿಲೆಗಳು

ಒಂದು ಅಂಗದ ವಿಷಯದಲ್ಲಿ ಸ್ವ-ಸಹಿಷ್ಣುತೆ ತಪ್ಪಿದವರಲ್ಲಿ ಇತರ ಅಂಗಗಳ ಮೇಲೂ ದಾಳಿ ನಡೆಯುವ ಸಂಭವ ಹೆಚ್ಚು. ಟೈಪ್ 1 ಮಧುಮೇಹವಿರುವವರಲ್ಲಿ ಥೈರಾಯ್ಡ್ ಗ್ರಂಥಿಯ ಸ್ವಯಂ ನಿರೋಧಕ ಕಾಯಿಲೆ ಮತ್ತು ಗೋಧಿಯಲ್ಲಿನ ಗ್ಲುಟೆನ್‌ನಿಂದ ಉಂಟಾಗುವ ಸೀಲಿಯಾಕ್ ಕಾಯಿಲೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಆದ್ದರಿಂದ ಈ ಎರಡಕ್ಕೂ ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಲು ಸಲಹೆ ನೀಡಲಾಗುತ್ತದೆ.

ಇವನ್ನೂ ನೋಡಿ

ಮಧುಮೇಹ
ಇನ್ಸುಲಿನ್
ಮೇದೋಜೀರಕ ಗ್ರಂಥಿ
ರೋಗನಿರೋಧಕ ವ್ಯವಸ್ಥೆ
ರಾಯಚೂರು ಜಿಲ್ಲೆ